ಭಿತ್ತಿಪತ್ರವೂ ವರ್ಣಾನ್ಯಾಯವೂ

ವರ್ಣವೆಂಬ ಶಬ್ದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳು ರೂಢವಾಗಿವೆ. ಬಣ್ಣವೆಂಬುದು ಒಂದು, ಅಕ್ಷರವೆಂಬುದು ಇನ್ನೊಂದು, ಹುಟ್ಟಿನಿಂದ ಬಂದ ಜನವಿಭಾಗವೆಂಬುದು ಮತ್ತೊಂದು. ಈ ಮೂರೂ ಒಂದೇ ಹಾಳೆಯ ಮೇಲೆ ಕೂಡುವ ಸ್ಥಳ ಯಾವುದೆಂದು ಕೇಳಿದರೆ, ಮೈಬಣ್ಣದ ಕಾರಣದಿಂದ ಮನುಷ್ಯರಿಗಾದ ಅನ್ಯಾಯವನ್ನು ಕಥಾವಸ್ತುವಾಗಿ ಉಳ್ಳ ಚಲಚ್ಚಿತ್ರದ ಭಿತ್ತಿಪತ್ರವೆಂದು ಉತ್ತರ ಕೊಡಬಹುದು. ಜನರು ಬಾಯಿಮಾತಿನಲ್ಲಿ ಪೋಸ್ಟರು ಎನ್ನುವ ಈ ಪತ್ರವು ಬಣ್ಣದಿಂದಲೂ ಅಕ್ಷರದಿಂದಲೂ ಆದದ್ದು. ಅದು ಹೇಳಬೇಕಾದದ್ದು ವರ್ಣಭೇದದ ಕೇಡನ್ನು. ಇಂಥ ಪತ್ರವನ್ನು ಬರೆಯುವವನ ಧರ್ಮವೇನು ಎಂಬುದು ಮೇಲುನೋಟಕ್ಕೆ ಅಲ್ಪವಾದ ಪ್ರಶ್ನೆಯಾಗಿ ಕಂಡರೂ ವಿಚಾರಿಸಿದಷ್ಟೂ ಆಳವಾಗುತ್ತ ಹೋಗುತ್ತದೆ.

ಗ್ರಂಥವು ತನ್ನನ್ನು ಅರಸಿಕೊಂಡು ಬಂದ ವಾಚಕನಿಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಚಲಚ್ಚಿತ್ರವು ಹಣ ಕೊಟ್ಟು ಒಳಗೆ ಬಂದವನಿಗೆ ಮಾತ್ರ ತೋರುತ್ತದೆ. ಭಿತ್ತಿಪತ್ರದ ಸ್ವಭಾವ ಬೇರೆ. ಅದು ಬೀದಿಗೆ ಬಂದ ಎಲ್ಲರ ಕಣ್ಣನ್ನೂ ತಾನೇ ಅರಸಿಕೊಂಡು ಹೋಗುತ್ತದೆ. ಓದುಬಾರದವನು, ಶಾಲೆಗೆ ಹೋಗುವ ಮಗು, ಸೊಪ್ಪಿನ ಬುಟ್ಟಿ ಹೊತ್ತವಳು, ಚಿತ್ರಮಂದಿರದ ಬಾಗಿಲನ್ನು ಎಂದೂ ತುಳಿಯದ ವೃದ್ಧ, ಇವರೆಲ್ಲರೂ ಬೇಕೆಂದೋ ಬೇಡವೆಂದೋ ಅದನ್ನು ನೋಡಿಯೇ ತೀರುವರು. ಚಿತ್ರವನ್ನು ನೋಡುವವರಿಗಿಂತ ಅದರ ಭಿತ್ತಿಪತ್ರವನ್ನು ನೋಡುವವರು ಬಹುಪಾಲು ಹೆಚ್ಚು. ಅವರಲ್ಲಿ ಅನೇಕರ ಪಾಲಿಗೆ ಆ ಹಾಳೆಯೇ ಇಡೀ ಕಥೆ. ಆದುದರಿಂದ ಒಳಗಿನ ಚಿತ್ರ ನ್ಯಾಯವನ್ನು ಹೇಳಿದರೆ ಸಾಲದು. ಹೊರಗಿನ ಹಾಳೆಯೂ ಅದನ್ನೇ ಹೇಳಬೇಕು.

ಈ ವಿಚಾರಕ್ಕೆ ಬೆಂಗಳೂರಿನ ಹಲಸೂರು ತಕ್ಕ ನೆಲೆ. ಸೋಮೇಶ್ವರ ದೇವಾಲಯವನ್ನು ಒಳಗೊಂಡ ಆ ಹಳೆಯ ಊರಿನ ಮಗ್ಗುಲಿಗೆ, ೧೮೦೯ರಲ್ಲಿ ಆಂಗ್ಲರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಸಾಗಿಸಿ ತಂದಾಗ, ದಂಡುಪ್ರದೇಶವು ಬೆಳೆಯಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಹಿಂದಿರುಗಿದಾಗಲೂ ಈ ಭಾಗವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಆಂಗ್ಲ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. ೧೯೪೭ರಲ್ಲಿ ಅದು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಪೇಟೆ ದಂಡುಗಳೆರಡರ ಪೌರಾಡಳಿತವೂ ಒಂದಾಯಿತು. ಆ ದೀರ್ಘಕಾಲದಲ್ಲಿ ದಂಡಿನ ಒಂದು ಕಡೆ ವಿಶಾಲವಾದ ಆವರಣಗಳ ನಡುವೆ ಬಂಗಲೆಗಳಿದ್ದರೆ, ಇನ್ನೊಂದು ಕಡೆ ಸೇನೆಗೆ ಬೇಕಾದ ವರ್ತಕರೂ ಕುಶಲಕರ್ಮಿಗಳೂ ಆಳುಗಳೂ ಇಕ್ಕಟ್ಟಾದ ಕೇರಿಗಳಲ್ಲಿ ವಾಸಿಸುತ್ತಿದ್ದರು. ಇಂದಿನ ಶಿವಾಜಿನಗರಕ್ಕೆ ಅಂದು ಬ್ಲಾಕ್‌ಪಲ್ಲಿ ಎಂದು ಹೆಸರು. ‘ಬಿಳಿ ಅಕ್ಕಿ ಪಳ್ಳಿ’ ಎಂಬುದೇ ಆಂಗ್ಲರ ಬಾಯಲ್ಲಿ ಹಾಗಾಯಿತೆಂದು ಒಂದು ಹೇಳಿಕೆಯುಂಟು. ಬಿಳಿಯದೊಂದು ಹೆಸರು ಕಿವಿ ಬದಲಾದೊಡನೆ ಕರಿಯದಾಯಿತೆಂಬ ಈ ಹೇಳಿಕೆ, ನಿಜವಿರಲಿ ಕಥೆಯಿರಲಿ, ಆ ಕಾಲದ ಮನಸ್ಸನ್ನು ಚೆನ್ನಾಗಿ ಹಿಡಿದಿದೆ.

ಇದೇ ಹಲಸೂರಿನ ಅಂಚಿನ ಲಿಡೋ ಚಿತ್ರಮಂದಿರವೂ, ೧೯೪೮ರವರೆಗೆ ಸೌತ್ ಪೆರೇಡ್ ಎನಿಸಿಕೊಂಡು ಬಳಿಕ ಮಹಾತ್ಮಾ ಗಾಂಧಿ ರಸ್ತೆಯಾದ ಬೀದಿಯ ಪ್ಲಾಜಾ ಚಿತ್ರಮಂದಿರವೂ ಆಂಗ್ಲ ಚಿತ್ರಗಳಿಗೆ ಹೆಸರಾಗಿದ್ದವು. ಇಂದು ಲಿಡೋ ಇದ್ದಲ್ಲಿ ಅಂಗಡಿಗಳ ಮಾಲ್ ಎದ್ದಿದೆ. ಪ್ಲಾಜಾ ಇದ್ದಲ್ಲಿ ಮೆಟ್ರೋ ರೈಲಿನ ನಿಲ್ದಾಣವಿದೆ. ಆದರೆ ಅವು ನಡೆಯುತ್ತಿದ್ದ ಕಾಲದಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಆಂಗ್ಲ ಭಾಷೆಗಳನ್ನಾಡುವ ಜನರೆಲ್ಲರೂ ದೂರದೇಶದ ಕಥೆಗಳನ್ನು ಮೊದಲು ಕಂಡದ್ದು ಗೋಡೆಯ ಹಾಳೆಗಳಲ್ಲಿ. ರಾತ್ರಿಯ ವೇಳೆ ಮೈದಾಹಿಟ್ಟಿನ ಅಂಟಿಗೆ ಒಂದಿಷ್ಟು ಮೈಲುತುತ್ತ ಬೆರೆಸಿ, ಹಳೆಯ ಹಾಳೆಯ ಮೇಲೆಯೇ ಹೊಸದನ್ನು ಹಚ್ಚಿ ಹೋಗುವವನು ಊರಿನ ಬೆಳಗಿನ ನೋಟವನ್ನೇ ಬದಲಾಯಿಸಿಬಿಡುತ್ತಿದ್ದನು.

ಈ ಕಸಬಿನ ರೀತಿಯನ್ನು ಸ್ವಲ್ಪ ನೋಡಬೇಕು. ದೊಡ್ಡ ಫಲಕವನ್ನು ಬರೆಯುವವನು ಚಿಕ್ಕ ಛಾಯಾಚಿತ್ರದ ಮೇಲೆ ಚೌಕಗಳನ್ನು ಗೀಚಿ, ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಬಟ್ಟೆಯ ಮೇಲೆ ಎಳೆದು, ಒಂದೊಂದು ಚೌಕದೊಳಗಿನದನ್ನು ಅದರ ಜೊತೆಯ ಚೌಕಕ್ಕೆ ಇಳಿಸುತ್ತಾನೆ. ಗೆರೆ ಛಾಯಾಚಿತ್ರದ್ದು, ಬಣ್ಣ ಮಾತ್ರ ಅವನದು. ನಾಯಕನ ಕೆನ್ನೆಗೆ ಗುಲಾಬಿಯನ್ನೂ ಖಳನ ಮುಖಕ್ಕೆ ಹಸಿರನ್ನೋ ಕಪ್ಪನ್ನೋ ಬಳಿಯುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಇದಕ್ಕೆ ಕಾರಣವೂ ಉಂಟು. ಬೀದಿಯಲ್ಲಿ ಹೋಗುವವನು ಹಾಳೆಗೆ ಕೊಡುವ ಕಾಲ ಎರಡು ಮೂರು ನಿಮಿಷವಲ್ಲ, ಎರಡು ಮೂರು ಕ್ಷಣ. ಅಷ್ಟರೊಳಗೆ ಒಳ್ಳೆಯವನಾರು ಕೆಟ್ಟವನಾರು ಎಂಬುದು ತಿಳಿಯಬೇಕು. ಹಾಗೆ ತಿಳಿಯಬೇಕಾದರೆ ನೋಡುವವನ ಮನಸ್ಸಿನಲ್ಲಿ ಮೊದಲೇ ಇರುವ ಅಚ್ಚುಗಳನ್ನೇ ಚಿತ್ರಗಾರನು ಆಶ್ರಯಿಸಬೇಕು. ಬೆಳ್ಳಗಿರುವುದು ಶುಭ, ಕಪ್ಪಗಿರುವುದು ಅಶುಭ ಎಂಬುದು ಆ ಅಚ್ಚುಗಳಲ್ಲಿ ಹಳೆಯದು.

ಈ ಅಚ್ಚಿನ ಬಲ ಎಷ್ಟೆಂದರೆ ದೇವರೂ ಅದಕ್ಕೆ ಹೊರತಾಗಲಿಲ್ಲ. ಕೃಷ್ಣನೆಂಬ ಹೆಸರಿಗೇ ಕಪ್ಪೆಂದು ಅರ್ಥ. ಆದರೆ ಮನೆಮನೆಯ ಕ್ಯಾಲೆಂಡರಿನಲ್ಲಿ ಅವನು ಕಾಣುವುದು ನೀಲಿಯಾಗಿ. ಕಲಬುರಗಿಯಲ್ಲಿ ೧೯೧೬ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಪಡೆದ ಎಸ್. ಎಂ. ಪಂಡಿತರು ಚಲಚ್ಚಿತ್ರದ ಪ್ರಚಾರಚಿತ್ರಗಳನ್ನೂ ದೇವತೆಗಳ ಕ್ಯಾಲೆಂಡರುಗಳನ್ನೂ ಒಂದೇ ಕುಂಚದಿಂದ ಬರೆದವರು. ಭಿತ್ತಿಪತ್ರವೂ ಪೂಜೆಯ ಪಟವೂ ಈ ದೇಶದಲ್ಲಿ ಒಡಹುಟ್ಟಿದವು. ಆದುದರಿಂದ ಒಂದರ ಬಣ್ಣದ ಅಭ್ಯಾಸ ಇನ್ನೊಂದಕ್ಕೆ ಅಂಟದಿರಲಿಲ್ಲ. ಯಂತ್ರಗಳೂ ಈ ಅಭ್ಯಾಸಕ್ಕೆ ಹೊರಗಲ್ಲ. ಕೊಡ್ಯಾಕ್ ಸಂಸ್ಥೆಯವರು ಬಣ್ಣದ ಛಾಯಾಚಿತ್ರಗಳ ಮುದ್ರಣವನ್ನು ಸರಿಹೊಂದಿಸುವುದಕ್ಕೆ ಅಳತೆಯಾಗಿ ಬಹುಕಾಲ ಕೊಡುತ್ತಿದ್ದ ಪಟದಲ್ಲಿ ಇದ್ದದ್ದು ಬಿಳಿಯ ಹೆಂಗಸೊಬ್ಬಳ ಭಾವಚಿತ್ರ. ಅವಳ ಮುಖ ಸರಿಯಾಗಿ ಬಂದರೆ ಎಲ್ಲವೂ ಸರಿಯೆಂದು ತಿಳಿಯಲಾಗುತ್ತಿತ್ತು. ಕಪ್ಪು ಮುಖಗಳು ಆ ಅಳತೆಯಲ್ಲಿ ತಮ್ಮ ರೂಪುರೇಷೆಯನ್ನೇ ಕಳೆದುಕೊಂಡು ಬರಿಯ ನೆರಳಾಗುತ್ತಿದ್ದವು.

ಇಲ್ಲಿಯೇ ಪ್ರಶ್ನೆಯ ಮರ್ಮವಿದೆ. ವರ್ಣಾನ್ಯಾಯವೆಂದರೇನು? ಒಬ್ಬನನ್ನು ಅರಿಯುವುದಕ್ಕೆ ಮೊದಲೇ ಕಣ್ಣು ಅವನ ವಿಷಯದಲ್ಲಿ ತೀರ್ಪು ಕೊಟ್ಟುಬಿಡುವುದು. ಕಾನೂನುಗಳೂ ಬೇಲಿಗಳೂ ಕೋವಿಗಳೂ ಬಳಿಕ ಬರುತ್ತವೆ. ಮೊದಲು ಬರುವುದು ನೋಟ. ಭಿತ್ತಿಪತ್ರದ ಕಲೆ ಎಂದರೇನು? ನೋಟ ಬಿದ್ದ ಕ್ಷಣದಲ್ಲಿಯೇ ತೀರ್ಪನ್ನು ಹುಟ್ಟಿಸುವುದು. ಹೀಗಿರಲು ಕೇಡಿನ ಉಪಕರಣವೂ ಈ ಕಲೆಯ ಉಪಕರಣವೂ ಒಂದೇ ಆದಂತಾಯಿತು. ಯಾವ ಅವಸರದ ಕಣ್ಣಿನಿಂದ ಅನ್ಯಾಯ ಹುಟ್ಟಿತೋ ಅದೇ ಅವಸರದ ಕಣ್ಣಿಗೆ ಅನ್ಯಾಯವನ್ನು ತಿಳಿಸಬೇಕು. ಇದು ಸಾಧ್ಯವೆ? ಸಾಧ್ಯವಾದರೆ ಹೇಗೆ?

ಉತ್ತರವನ್ನು ಬರಿಯ ತರ್ಕದಿಂದ ಹುಡುಕುವುದಕ್ಕಿಂತ ಬೆಂಗಳೂರಿಗೆ ಹತ್ತಿರದ ಒಂದು ಉದಾಹರಣೆಯಲ್ಲಿ ಹುಡುಕುವುದು ಲೇಸು. ಇ. ಎಂ. ಫಾರ್ಸ್ಟರರು ೧೯೨೪ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಎಂಬ ಕಾದಂಬರಿಯನ್ನು ಡೇವಿಡ್ ಲೀನರು ಚಲಚ್ಚಿತ್ರವಾಗಿ ಮಾಡಿ ೧೯೮೪ರಲ್ಲಿ ತೆರೆಗೆ ತಂದರು. ಅದರ ಚಿತ್ರೀಕರಣದ ಬಹುಭಾಗ ನಡೆದದ್ದು ಬೆಂಗಳೂರಿನ ಸುತ್ತಮುತ್ತ. ಅರಮನೆಯ ಆವರಣವು ಕಥೆಯ ಚಂದ್ರಾಪುರವಾಯಿತು. ಸಾವನದುರ್ಗದ ಮತ್ತು ರಾಮದೇವರ ಬೆಟ್ಟದ ಬಂಡೆಗಳು ಮರಬಾರ್ ಗುಹೆಗಳ ವೇಷವನ್ನು ತಾಳಿದವು. ಆಂಗ್ಲರ ದಂಡು ಬೀಡುಬಿಟ್ಟಿದ್ದ ಊರಿನ ನೆರೆಯಲ್ಲಿಯೇ ಆಂಗ್ಲರ ವರ್ಣಗರ್ವದ ಕಥೆ ಚಿತ್ರಿತವಾಯಿತು.

ಕಥೆಯ ಸಾರವಿಷ್ಟು. ಅಜೀಜನೆಂಬ ಭಾರತೀಯ ವೈದ್ಯನು ಆಂಗ್ಲ ಅತಿಥಿಗಳನ್ನು ಆದರದಿಂದ ಗುಹೆಗಳನ್ನು ತೋರಿಸಲು ಕರೆದೊಯ್ಯುತ್ತಾನೆ. ಗುಹೆಯೊಳಗೆ ಅಡೆಲಾ ಎಂಬ ತರುಣಿ ಯಾವುದೋ ಭ್ರಮೆಗೊಳಗಾಗಿ ಓಡಿಬರುತ್ತಾಳೆ. ಅಜೀಜನ ಮೇಲೆ ಮಾನಭಂಗದ ಆರೋಪ ಹೊರುತ್ತದೆ. ಸಾಕ್ಷ್ಯ ಬರುವ ಮೊದಲೇ ಆಂಗ್ಲ ಸಮಾಜವೆಲ್ಲ ಅವನನ್ನು ಅಪರಾಧಿಯೆಂದು ನಿರ್ಣಯಿಸಿಬಿಡುತ್ತದೆ. ನ್ಯಾಯಾಲಯದಲ್ಲಿ ಅಡೆಲಾ ತನ್ನ ಮಾತನ್ನು ಹಿಂದೆಗೆದುಕೊಂಡಾಗ ಅವನಿಗೆ ಬಿಡುಗಡೆಯಾಗುತ್ತದೆ. ಆದರೆ ಆ ವೇಳೆಗೆ ಒಡೆದದ್ದು ಕೂಡಲಾರದಷ್ಟು ಒಡೆದಿರುತ್ತದೆ.

ಈ ಚಿತ್ರಕ್ಕೆ ಹಲಸೂರಿನ ಗೋಡೆಗಾಗಿ ಹೊಸದೊಂದು ಭಿತ್ತಿಪತ್ರವನ್ನು ಬರೆಯಬೇಕೆಂದು ಚಿತ್ರಗಾರನೊಬ್ಬನಿಗೆ ಒಪ್ಪಿಸಿದರೆ ಅವನಿಗೆ ಏನೇನು ತೋರಬಹುದು? ಎಲ್ಲಕ್ಕೂ ಮೊದಲು ತೋರುವುದು ಬೆಟ್ಟ, ಗುಹೆ, ಅಂಬಾರಿಯ ಆನೆ. ಇದು ಕಣ್ಣಿಗೆ ಹಬ್ಬ. ಆದರೆ ಇದರಲ್ಲಿ ಮನುಷ್ಯರಿಲ್ಲ. ಒಂದು ದೇಶವನ್ನು ವಿಚಿತ್ರವಸ್ತುವಾಗಿ ನೋಡುವ ಕಣ್ಣೇ ಆ ದೇಶದ ಜನರನ್ನು ಕೀಳಾಗಿ ನೋಡುವ ಕಣ್ಣಿಗೆ ನೆರೆಯದು. ಎರಡನೆಯದಾಗಿ, ಕತ್ತಲೆಯ ಗುಹೆಯ ಬಾಯಿಂದ ಭಯಗೊಂಡು ಓಡಿಬರುವ ಬಿಳಿಯ ತರುಣಿ, ಅವಳ ಹಿಂದೆ ಒಂದು ಕಪ್ಪು ನೆರಳು. ಇದು ಜನರನ್ನು ಸೆಳೆಯುವುದರಲ್ಲಿ ಸಂಶಯವಿಲ್ಲ. ಆದರೆ ಇದು ಸುಳ್ಳು ಆರೋಪವನ್ನೇ ಗೋಡೆಯ ಮೇಲೆ ನಿಜವೆಂದು ಬರೆದಂತೆ. ನ್ಯಾಯಾಲಯವು ಬಿಟ್ಟವನನ್ನು ಭಿತ್ತಿಪತ್ರವು ಮತ್ತೆ ಹಿಡಿಯುತ್ತದೆ. ಚಿತ್ರವನ್ನು ನೋಡದೆ ಹಾಳೆಯನ್ನು ಮಾತ್ರ ನೋಡಿದ ಸಾವಿರಾರು ಜನರ ಮನಸ್ಸಿನಲ್ಲಿ ಅವನಿಗೆ ಬಿಡುಗಡೆಯೇ ಇಲ್ಲ. ಮೂರನೆಯದು, ಕೈಕೋಳ ತೊಟ್ಟು ತಲೆ ತಗ್ಗಿಸಿ ನಿಂತ ಅಜೀಜ್. ಇದರಲ್ಲಿ ಕನಿಕರವುಂಟು. ಆದರೆ ಮುಖವು ಕಾಣದು, ಕಾಣುವುದು ಕೋಳ. ವೈದ್ಯನೂ ಕವಿತಾಪ್ರಿಯನೂ ತಂದೆಯೂ ಸ್ನೇಹಿತನೂ ಆದ ಮನುಷ್ಯನು ಬರಿಯ ಪೀಡಿತನಾಗಿ ಉಳಿಯುತ್ತಾನೆ.

ಕಾದಂಬರಿಯನ್ನು ಎಚ್ಚರದಿಂದ ಓದಿದವನಿಗೆ ಬೇರೆ ಎರಡು ಸಂಗತಿಗಳು ತೋರುತ್ತವೆ. ಒಂದು, ಅಂಗಿಯ ಕತ್ತುಪಟ್ಟಿಯ ಗುಂಡಿ. ಫೀಲ್ಡಿಂಗ್ ಎಂಬ ಆಂಗ್ಲ ಸ್ನೇಹಿತನು ಉಡುಪು ತೊಡುವಾಗ ಅವನ ಗುಂಡಿ ಮುರಿಯುತ್ತದೆ. ಅಜೀಜನು ತನ್ನಲ್ಲಿ ಇನ್ನೊಂದಿದೆಯೆಂದು ಸುಳ್ಳು ಹೇಳಿ, ತಾನು ತೊಟ್ಟದ್ದನ್ನೇ ಕಿತ್ತು ಅವನಿಗೆ ಕೊಡುತ್ತಾನೆ. ಅದರಿಂದ ಇವನ ಕತ್ತುಪಟ್ಟಿ ಮೇಲಕ್ಕೇರುತ್ತದೆ. ಆಮೇಲೆ ಅದನ್ನು ಕಂಡ ರಾನಿ ಎಂಬ ಆಂಗ್ಲ ಅಧಿಕಾರಿಯು, ಭಾರತೀಯರ ಅಜಾಗರೂಕತೆಗೆ ಇದೇ ನಿದರ್ಶನವೆಂದು ಆಡಿಕೊಳ್ಳುತ್ತಾನೆ. ಔದಾರ್ಯವು ಸೊಟ್ಟತನವಾಗಿ ಕಂಡಿತು. ವರ್ಣಾನ್ಯಾಯದ ಶಾಸ್ತ್ರವೆಲ್ಲವೂ ಆ ಒಂದು ಗುಂಡಿಯಲ್ಲಿ ಅಡಗಿದೆ. ಇನ್ನೊಂದು, ನ್ಯಾಯಾಲಯದ ಜಗಲಿ. ತರುಣಿಗೆ ಗಾಳಿ ಸಾಲದೆಂಬ ನೆವದಿಂದ ಆಂಗ್ಲರು ತಮ್ಮ ಕುರ್ಚಿಗಳನ್ನು ನ್ಯಾಯಾಧೀಶನು ಕೂತಿರುವ ಜಗಲಿಯ ಮೇಲಕ್ಕೆ ಸಾಗಿಸಿಕೊಂಡು ಎತ್ತರದಲ್ಲಿ ಆಸೀನರಾಗುತ್ತಾರೆ. ಪ್ರತಿವಾದಿಯ ಪರ ವಕೀಲನು ಆಕ್ಷೇಪಿಸಿದ ಬಳಿಕ ಕೆಳಗಿಳಿಯಬೇಕಾಗುತ್ತದೆ. ಯಾರು ಮೇಲೆ, ಯಾರು ಕೆಳಗೆ ಎಂಬುದೇ ಅಲ್ಲಿಯ ವ್ಯಾಜ್ಯ.

ಒಳ್ಳೆಯ ಭಿತ್ತಿಪತ್ರಕ್ಕೆ ಬೇಕಾದದ್ದು ಈ ಎರಡರಲ್ಲಿಯೂ ಇದೆ. ಅಜೀಜನ ಮುಖವು ಹಾಳೆಯ ತುಂಬ ಬರಲಿ. ಅವನು ನೇರವಾಗಿ ಬೀದಿಯವನನ್ನು ನೋಡಲಿ. ಮುಖದಲ್ಲಿ ಅತಿಥಿಯನ್ನು ಎದುರುಗೊಳ್ಳುವವನ ಸಂತೋಷವಿರಲಿ. ಕತ್ತುಪಟ್ಟಿ ಮಾತ್ರ ಸೊಟ್ಟಗಿರಲಿ. ಹಾಳೆಯ ಕೆಳಮೂಲೆಯಲ್ಲಿ ಬಿಳಿಯ ಕೈಯೊಂದರ ಅಂಗೈಯಲ್ಲಿ ಆ ಗುಂಡಿಯಿರಲಿ. ಹಾದುಹೋಗುವವನು ಮೊದಲು ಸೊಟ್ಟ ಪಟ್ಟಿಯನ್ನು ಕಾಣುತ್ತಾನೆ, ಮನಸ್ಸಿನಲ್ಲಿಯೇ ನಗುತ್ತಾನೆ. ನಾಲ್ಕು ಹೆಜ್ಜೆ ಹೋದಮೇಲೆ ಆ ಕೈಯೂ ಗುಂಡಿಯೂ ನೆನಪಾಗಿ ಹಿಂದಿರುಗಿ ನೋಡುತ್ತಾನೆ. ಆಗ ತಾನು ನಕ್ಕದ್ದು ಯಾವುದಕ್ಕೆಂದು ಅವನಿಗೆ ತಿಳಿಯುತ್ತದೆ. ಮೊದಲನೆಯ ನೋಟದಲ್ಲಿ ಅವನು ರಾನಿಯ ಪಕ್ಷದಲ್ಲಿದ್ದನು. ಎರಡನೆಯ ನೋಟದಲ್ಲಿ ಆ ಪಕ್ಷವನ್ನು ಬಿಡುತ್ತಾನೆ. ಅವಸರದ ಕಣ್ಣಿನಿಂದಲೇ ಅವಸರದ ಕಣ್ಣಿಗೆ ಪಾಠ ಹೇಳುವ ಉಪಾಯವಿದು. ಅನ್ಯಾಯದ ಚಿತ್ರವನ್ನು ತೋರಿಸುವುದಕ್ಕಿಂತ, ಅನ್ಯಾಯ ಹುಟ್ಟುವ ಬಗೆಯನ್ನು ನೋಡುವವನ ಕಣ್ಣಿನಲ್ಲಿಯೇ ತೋರಿಸಿಕೊಡುವುದು ಮೇಲು.

ಇಲ್ಲಿ ಕಸಬಿನ ಒಂದು ಸೂಕ್ಷ್ಮವನ್ನೂ ಹೇಳಬೇಕು. ಬಣ್ಣದ ಮುದ್ರಣದಲ್ಲಿ ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕು ಮಸಿಗಳು. ಕಪ್ಪು ಮೈಯನ್ನು ಕಪ್ಪು ಮಸಿಯಿಂದಲೇ ತೀರಿಸಿಬಿಟ್ಟರೆ ಕಣ್ಣು ಮೂಗು ತುಟಿಗಳು ಮುಳುಗಿ ಮುಖವು ಕಲೆಯಾಗುತ್ತದೆ. ಬಲ್ಲವನು ಉಳಿದ ಮೂರು ಮಸಿಗಳಿಂದ ಮೈಯನ್ನು ಕಟ್ಟಿ, ಕಪ್ಪನ್ನು ರೆಪ್ಪೆಗೂ ಮಡಿಕೆಗೂ ಮಿತವಾಗಿ ಇಡುತ್ತಾನೆ. ಕಪ್ಪು ಮುಖದಲ್ಲಿಯೂ ಕೆಂಪುಂಟು, ಹೊನ್ನುಂಟು, ನೀಲಿಯುಂಟೆಂಬುದು ಅವನಿಗೆ ಗೊತ್ತು. ಒಂದು ಮುಖವನ್ನು ಮುಖವಾಗಿ ಮುದ್ರಿಸುವ ಶ್ರಮವೇ ಆ ಮುಖಕ್ಕೆ ಸಲ್ಲಿಸುವ ಮೊದಲನೆಯ ಮರ್ಯಾದೆ.

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಭಿತ್ತಿಪತ್ರವು ವ್ಯಾಪಾರದ ಸಾಧನ. ಪ್ರಸಿದ್ಧನಾದ ಬಿಳಿಯ ನಟನ ಮುಖವನ್ನು ದೊಡ್ಡದಾಗಿ ಹಾಕಿದರೆ ಹೆಚ್ಚು ಜನ ಬರುವರು. ಬಂದವರು ಒಳಗೆ ಕಪ್ಪುಜನರ ದುಃಖವನ್ನು ನೋಡುವರು. ಆದ್ದರಿಂದ ಫಲವು ಒಳ್ಳೆಯದೇ ಎಂದು ವ್ಯವಹಾರಜ್ಞರು ಹೇಳಬಹುದು. ಈ ಮಾತಿನ ಪರೀಕ್ಷೆ ೨೦೧೩ರಲ್ಲಿ ಇಟಲಿ ದೇಶದಲ್ಲಿ ನಡೆಯಿತು. ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಸ್ವತಂತ್ರನಾಗಿ ಹುಟ್ಟಿದ್ದ ಸಾಲೊಮನ್ ನಾರ್ತಪ್ ಎಂಬ ಕಪ್ಪುಮನುಷ್ಯನನ್ನು ೧೮೪೧ರಲ್ಲಿ ಅಪಹರಿಸಿ ಗುಲಾಮನಾಗಿ ಮಾರಿದರು. ೧೮೫೩ರಲ್ಲಿ ಬಿಡುಗಡೆ ಹೊಂದಿದ ಅವನು ತನ್ನ ಕಥೆಯನ್ನು ಗ್ರಂಥವಾಗಿ ಬರೆದನು. ಅದೇ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಎಂಬ ಚಲಚ್ಚಿತ್ರವಾಯಿತು. ನಾರ್ತಪ್ಪನ ಪಾತ್ರ ವಹಿಸಿದವರು ಚಿವೆಟೆಲ್ ಎಜಿಯೊಫೊರ್. ಆದರೆ ಇಟಲಿಯಲ್ಲಿ ಸಿದ್ಧವಾದ ಭಿತ್ತಿಪತ್ರವೊಂದರಲ್ಲಿ, ಕಥೆಯಲ್ಲಿ ಸ್ವಲ್ಪಹೊತ್ತು ಮಾತ್ರ ಬಂದುಹೋಗುವ ಬ್ರ್ಯಾಡ್ ಪಿಟ್ಟರ ಮುಖವು ಹಾಳೆಯನ್ನೆಲ್ಲ ಆಕ್ರಮಿಸಿತ್ತು. ಹನ್ನೆರಡು ವರ್ಷ ನರಳಿದವನು ಕೆಳಗೆ ಗೊಂಬೆಯಷ್ಟು ಚಿಕ್ಕದಾಗಿ ಓಡುತ್ತಿದ್ದನು. ನಾನಾ ದೇಶಗಳಿಂದ ಖಂಡನೆ ಬಂದಮೇಲೆ ಅಂಥ ಹಾಳೆಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಮನುಷ್ಯನ ಸ್ವಾತಂತ್ರ್ಯವನ್ನು ಕದ್ದ ಕಥೆಯನ್ನು ಹೇಳುವ ಹಾಳೆ ಅವನ ಕಥೆಯಲ್ಲಿ ಅವನ ಸ್ಥಾನವನ್ನೇ ಕದ್ದಿತು. ಜನರನ್ನು ನ್ಯಾಯದ ಬಳಿಗೆ ಅನ್ಯಾಯದ ದಾರಿಯಲ್ಲಿ ಕರೆದೊಯ್ದರೆ, ಅವರು ದಾರಿಯಲ್ಲಿ ಕಲಿತದ್ದೇ ಅವರ ಬಳಿ ಉಳಿಯುತ್ತದೆ.

ಇದಕ್ಕೆ ಪ್ರತಿಯಾಗಿ ೧೯೫೮ರ ಒಂದು ನಡತೆಯನ್ನು ನೆನೆಯಬಹುದು. ಒಂದೇ ಸಂಕೋಲೆಯಲ್ಲಿ ಬಂಧಿತರಾಗಿ ಸೆರೆಯಿಂದ ತಪ್ಪಿಸಿಕೊಂಡ ಬಿಳಿಯನೊಬ್ಬನ ಮತ್ತು ಕರಿಯನೊಬ್ಬನ ಕಥೆ ‘ದಿ ಡಿಫೈಯಂಟ್ ಒನ್ಸ್’. ಚಿತ್ರದ ಹೆಸರಿಗಿಂತ ಮೇಲೆ ತಮ್ಮ ಹೆಸರು ಬರುವ ಹಕ್ಕುಳ್ಳ ಟೋನಿ ಕರ್ಟಿಸರು, ಜೊತೆಯ ನಟರಾದ ಸಿಡ್ನಿ ಪಾಯ್ಟಿಯೆಯವರ ಹೆಸರೂ ಅದೇ ಎತ್ತರದಲ್ಲಿ ಬರಬೇಕೆಂದು ಕೇಳಿಕೊಂಡರು, ಹಾಗೆಯೇ ಆಯಿತು. ಒಂದು ಹೆಸರು ಬೆರಳುದ್ದ ಮೇಲಕ್ಕೇರಿದ್ದು ಅಲ್ಪವೆಂದು ತೋರಬಹುದು. ಆದರೆ ನ್ಯಾಯಾಲಯದ ಜಗಲಿಯ ಎತ್ತರವೂ ಒಂದೆರಡು ಅಡಿಯಷ್ಟೆ. ವರ್ಣಾನ್ಯಾಯವು ಯಾವಾಗಲೂ ಇಂಥ ಅಲ್ಪ ಎತ್ತರಗಳಲ್ಲಿಯೇ ವಾಸಮಾಡುತ್ತದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದದ್ದು. ಮೃದುವಾದ ಸಂಕೇತಗಳಿಂದ ಜನರು ಎಚ್ಚರಗೊಳ್ಳರು. ಬಾಸುಂಡೆಯನ್ನೂ ರಕ್ತವನ್ನೂ ನೇಣನ್ನೂ ತೋರಿಸಿದ ಹೊರತು ಕಲ್ಲೆದೆ ಕರಗದು ಎಂದು ಕೆಲವರ ಅಭಿಪ್ರಾಯ. ಇದರಲ್ಲಿ ಸತ್ಯವುಂಟು. ೧೯೫೫ರಲ್ಲಿ ಅಮೆರಿಕದ ಮಿಸಿಸಿಪಿ ಪ್ರಾಂತ್ಯದಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪುಬಾಲಕನನ್ನು ಬಿಳಿಯರು ಕ್ರೂರವಾಗಿ ಕೊಂದಾಗ, ಅವನ ತಾಯಿ ಮೇಮಿಯವರು ಶವಪೆಟ್ಟಿಗೆಯನ್ನು ತೆರೆದೇ ಇಡಬೇಕೆಂದು ನಿಶ್ಚಯಿಸಿದರು. ವಿಕಾರವಾಗಿದ್ದ ಆ ಮುಖದ ಚಿತ್ರವನ್ನು ‘ಜೆಟ್’ ಪತ್ರಿಕೆ ಪ್ರಕಟಿಸಿತು. ಒಂದು ಜನಾಂಗವೇ ತಲ್ಲಣಿಸಿತು. ಆದರೆ ಎರಡು ವಿಷಯಗಳನ್ನು ಮರೆಯಬಾರದು. ತೋರಿಸಿದವರು ತಾಯಿ. ಆ ಗಾಯದ ಮೇಲೆ ಲೋಕದಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ಅವರದು. ಅವರು ತೋರಿಸಿದ್ದು ಸಾಕ್ಷ್ಯವನ್ನು, ಸರಕನ್ನಲ್ಲ. ಮತ್ತೆ, ಪೆಟ್ಟಿಗೆಯ ಮುಚ್ಚಳದ ಒಳಗೆ ಬದುಕಿದ್ದಾಗಿನ ಮಗನ ಚೆಲುವಾದ ಭಾವಚಿತ್ರಗಳೂ ಇದ್ದವು. ಇವನು ಮೊದಲು ಇಂಥವನಾಗಿದ್ದನೆಂಬುದನ್ನು ತಿಳಿಸದೆ ಅವರು ಗಾಯವನ್ನು ತೋರಿಸಲಿಲ್ಲ. ೨೦೨೨ರಲ್ಲಿ ಈ ವೃತ್ತಾಂತವನ್ನು ‘ಟಿಲ್’ ಎಂಬ ಚಲಚ್ಚಿತ್ರವಾಗಿ ಮಾಡಿದ ಚಿನೊನ್ಯೆ ಚುಕ್ವು ಅವರು ಬಾಲಕನನ್ನು ಹಿಂಸಿಸುವ ದೃಶ್ಯವನ್ನು ತೆರೆಯ ಮೇಲೆ ತೋರಿಸಕೂಡದೆಂದು ನಿರ್ಧರಿಸಿದರು. ತಾಯಿಗಿದ್ದ ಹಕ್ಕು ಕಲೆಗಾರನಿಗೆ ತಾನಾಗಿ ಬರುವುದಿಲ್ಲವೆಂಬ ವಿವೇಕ ಅದರಲ್ಲಿದೆ.

ಬೀದಿಯ ಗೋಡೆಗೆ ಈ ವಿವೇಕವು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕಪ್ಪುಮೈಯನ್ನು ಗೋಡೆಗಳ ಮೇಲೆ ಸದಾ ಪೆಟ್ಟು ತಿಂದ ಮೈಯಾಗಿಯೇ ತೋರಿಸುತ್ತ ಹೋದರೆ, ಆ ಮೈ ಇರುವುದೇ ಪೆಟ್ಟಿಗಾಗಿ ಎಂಬ ಭಾವನೆ ನೋಡುವ ಮಕ್ಕಳಲ್ಲಿ ಬೇರೂರುತ್ತದೆ. ಹೊಡೆದವನು ಹಾಳೆಯ ಹೊರಗೆ ಮರೆಯಾಗಿ ಉಳಿಯುತ್ತಾನೆ. ಕನಿಕರವೂ ಒಂದು ಬಗೆಯ ಜಗಲಿ. ಕನಿಕರಿಸುವವನು ಮೇಲೆ, ಕನಿಕರಿಸಲ್ಪಡುವವನು ಕೆಳಗೆ. ಸಮಾನನಿಗೆ ಸಲ್ಲತಕ್ಕದ್ದು ಕನಿಕರಕ್ಕಿಂತ ಮೊದಲು ಗೌರವ.

ಮೂರನೆಯದಾಗಿ, ಚಿತ್ರಗಾರನು ಕೂಲಿಯವನು. ಚಿತ್ರ ಅವನದಲ್ಲ, ಹಣ ಅವನದಲ್ಲ, ಹೊಣೆ ಮಾತ್ರ ಅವನದೆಂದರೆ ಅದೆಂಥ ನ್ಯಾಯ ಎಂದು ಕೇಳಬಹುದು. ೧೯೧೫ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ತರ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರದ ಭಿತ್ತಿಪತ್ರವನ್ನು ಬರೆದವನೂ ಕೂಲಿಯವನೇ ಇದ್ದಿರಬಹುದು. ಮುಸುಕು ಹಾಕಿಕೊಂಡು, ಮುಂಗಾಲೆತ್ತಿದ ಕುದುರೆಯ ಮೇಲೆ ಉರಿಯುವ ಶಿಲುಬೆಯನ್ನು ಹಿಡಿದ ಸವಾರನನ್ನು ಅವನು ವೀರನಂತೆ ಬರೆದನು. ಕಪ್ಪುಜನರನ್ನು ಕೊಂದು ಹೆದರಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘದವನು ಆ ಸವಾರ. ನಶಿಸಿಹೋಗಿದ್ದ ಆ ಸಂಘವು ಅದೇ ವರ್ಷ ಜಾರ್ಜಿಯಾ ಪ್ರಾಂತ್ಯದಲ್ಲಿ ಮತ್ತೆ ತಲೆಯೆತ್ತಿತು. ಆ ಚಿತ್ರದ ಪ್ರಭಾವವನ್ನು ಅದು ತನ್ನ ಬೆಳವಣಿಗೆಗೆ ಬಳಸಿಕೊಂಡಿತು. ಕೂಲಿಯ ಕೈಯಿಂದ ಬಂದ ಬಣ್ಣವಾದರೂ ಅದರ ಫಲಕ್ಕೆ ಕೂಲಿಯ ಮಿತಿಯಿರಲಿಲ್ಲ. ಚಿತ್ರಗಾರನ ಅಧಿಕಾರ ಚಿಕ್ಕದೆಂಬುದು ನಿಜ. ಕಥೆಯನ್ನು ಆರಿಸುವುದು ಅವನ ಕೈಯಲ್ಲಿಲ್ಲ. ಆದರೆ ಯಾವ ಮುಖ ದೊಡ್ಡದು, ಯಾವ ಹೆಸರು ಮೇಲೆ, ಕೆನ್ನೆಗೆ ಯಾವ ಬಣ್ಣ, ಕಣ್ಣು ಎತ್ತ ನೋಡಬೇಕು ಎಂಬಲ್ಲಿ ಅವನ ಮಾತು ಸ್ವಲ್ಪವಾದರೂ ನಡೆಯುತ್ತದೆ. ಮನುಷ್ಯನ ಧರ್ಮ ಅವನ ಅಧಿಕಾರದಷ್ಟೇ ಅಗಲ. ಆದರೆ ಅಷ್ಟು ಅಗಲ ಇದ್ದೇ ಇದೆ.

ಆಳುವ ಬಿಳಿಯರು ಹೋದಮೇಲೆ ವರ್ಣದ ವಿಚಾರ ಈ ನಾಡಿಗೆ ಹೊರಗಿನದಾಯಿತೆಂದು ಯಾರೂ ನೆಮ್ಮದಿಯಿಂದಿರುವಂತಿಲ್ಲ. ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿಯೇ ಬ್ರಾಹ್ಮಣ ಅಧ್ಯಾಪಕನಾದ ಗೋಡ್ಬೋಲೆಯ ಪಾತ್ರವನ್ನು ಆಂಗ್ಲ ನಟ ಅಲೆಕ್ ಗಿನ್ನೆಸ್ ಮುಖಕ್ಕೆ ಬಣ್ಣ ಬಳಿದುಕೊಂಡು ಅಭಿನಯಿಸಿದರು. ಅನ್ಯಾಯವನ್ನು ಕುರಿತ ಚಿತ್ರದೊಳಗೂ ಹಳೆಯ ಅಭ್ಯಾಸ ನುಸುಳಿತ್ತೆಂದು ನಗುವುದು ಸುಲಭ. ಆದರೆ ಕನ್ನಡನಾಡಿನ ವರ್ಣವು ಮೈಬಣ್ಣಕ್ಕಿಂತ ಹುಟ್ಟನ್ನು ಹೆಚ್ಚಾಗಿ ಹಿಡಿದದ್ದು. ಶಿವರಾಮ ಕಾರಂತರು ೧೯೩೩ರಲ್ಲಿ ಬರೆದ ‘ಚೋಮನ ದುಡಿ’ಯಲ್ಲಿ, ಒಂದು ತುಂಡು ಭೂಮಿಯನ್ನು ಉಳುವ ಆಸೆಯು ಹುಟ್ಟಿನ ಕಾರಣದಿಂದಲೇ ಚೋಮನಿಗೆ ನಿಷಿದ್ಧವಾಗುತ್ತದೆ. ೧೯೭೫ರಲ್ಲಿ ಬಿ. ವಿ. ಕಾರಂತರು ಅದನ್ನು ಚಲಚ್ಚಿತ್ರವಾಗಿಸಿದರು. ಅದು ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಆ ಕಥೆಗೆ ಕಾರಂತರು ಇಟ್ಟ ಹೆಸರೇ ಭಿತ್ತಿಪತ್ರ ಬರೆಯುವವನಿಗೆ ಪಾಠ. ಚೋಮನ ಹಸಿವೆಂದಾಗಲಿ ಚೋಮನ ಸಾಲವೆಂದಾಗಲಿ ಅವರು ಹೆಸರಿಡಲಿಲ್ಲ. ಅವನು ನುಡಿಸುವ ದುಡಿಯನ್ನು ಮುಂದಿಟ್ಟರು. ಎಲ್ಲವನ್ನೂ ಕಸಿದುಕೊಂಡಮೇಲೂ ಅವನ ಕೈಯಲ್ಲಿ ಉಳಿದದ್ದು ಅದು. ಫಾರ್ಸ್ಟರರ ಗುಂಡಿಯಂತೆ ಕಾರಂತರ ದುಡಿಯೂ ಗಾಯದ ಗುರುತಲ್ಲ, ಮನುಷ್ಯತ್ವದ ಗುರುತು.

ಗೋಡೆಯನ್ನು ನೋಡುವವರು ಯಾರೆಂಬುದನ್ನೂ ನೆನೆಯಬೇಕು. ೨೦೧೨ನೆಯ ಆಗಸ್ಟಿನಲ್ಲಿ ಸುಳ್ಳುಸುದ್ದಿಗಳಿಗೆ ಹೆದರಿ ಈಶಾನ್ಯ ಪ್ರಾಂತ್ಯಗಳ ಸಾವಿರಾರು ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಅವರನ್ನು ಬೇರೆಯವರೆಂದು ತೋರಿಸಿಕೊಡುತ್ತಿದ್ದದ್ದು ಮುಖದ ಚಹರೆ. ೨೦೧೬ನೆಯ ಜನವರಿಯ ಕೊನೆಯಲ್ಲಿ, ಬೇರೊಬ್ಬ ಆಫ್ರಿಕದವನ ಕಾರಿನಿಂದ ಆದ ಅಪಘಾತಕ್ಕಾಗಿ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜೇನಿಯಾ ದೇಶದ ವಿದ್ಯಾರ್ಥಿನಿಯೊಬ್ಬಳ ಮೇಲೆ ಬೆಂಗಳೂರಿನ ಹೊರವಲಯದಲ್ಲಿ ಗುಂಪೊಂದು ಹಲ್ಲೆ ನಡೆಸಿತು. ಬಣ್ಣ ಒಂದಾದ್ದರಿಂದ ಅಪರಾಧವೂ ಒಂದೆಂದು ಆ ಗುಂಪಿನ ಕಣ್ಣು ತೀರ್ಪು ಕೊಟ್ಟಿತ್ತು. ಮರಬಾರ್ ಗುಹೆಗಳ ಕಥೆ ನೂರು ವರ್ಷ ಹಳೆಯದು. ಆ ಕಣ್ಣು ಮಾತ್ರ ಹಳೆಯದಾಗಿಲ್ಲ. ಖಳನ ಮುಖಕ್ಕೆ ಕಪ್ಪು ಬಳಿದ ಹಾಳೆಗಳನ್ನು ನೋಡುತ್ತ ಬೆಳೆದ ಕಣ್ಣಿಗೆ ಆ ತೀರ್ಪನ್ನು ಕಲಿಸಿದವರಲ್ಲಿ ಗೋಡೆಗಳ ಪಾಲೂ ಇಲ್ಲದಿಲ್ಲ.

ಕುಂಚದಿಂದ ಬರೆದ ಫಲಕಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಅವುಗಳ ಸ್ಥಾನಕ್ಕೆ ಬಂದ ಫ್ಲೆಕ್ಸುಗಳನ್ನೂ ೨೦೧೮ರಲ್ಲಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಬೆಂಗಳೂರಿನ ಬೀದಿಗಳಿಂದ ತೆಗೆಯಲಾಯಿತು. ಈಗ ಭಿತ್ತಿಪತ್ರವು ಗೋಡೆಯನ್ನು ಬಿಟ್ಟು ಅಂಗೈಯ ದೂರವಾಣಿಗೆ ಬಂದಿದೆ. ಅದರ ಗಾತ್ರ ಹೆಬ್ಬೆರಳಿನಷ್ಟಾಗಿದೆ. ಗಾತ್ರ ಕುಗ್ಗಿದಂತೆ ಅವಸರವೂ ಹೆಚ್ಚಿದೆ. ಎರಡು ಕ್ಷಣದ ನೋಟ ಅರ್ಧ ಕ್ಷಣಕ್ಕೆ ಇಳಿದಿದೆ. ಆದುದರಿಂದ ಪ್ರಶ್ನೆಯು ಹಳೆಯದಾಗದೆ ಹರಿತವಾಗಿದೆ.

ಇಷ್ಟು ವಿಚಾರದಿಂದ ನಿಷ್ಪನ್ನವಾಗುವ ನಿಯಮಗಳು ಕೆಲವೇ. ಕಥೆ ಯಾರದೋ ಮುಖ ಅವರದಾಗಿರಬೇಕು. ಮತ್ತೊಬ್ಬರ ಕೀರ್ತಿಯಿಂದ ಅದನ್ನು ಮುಚ್ಚಬಾರದು. ಮುಖವನ್ನು ಮುಖವಾಗಿ ಬರೆಯಬೇಕು. ನೆರಳಾಗಿಯೋ ಗಾಯವಾಗಿಯೋ ಅಲ್ಲ. ನೋಡುವವನು ಕನಿಕರದ ಎತ್ತರದಲ್ಲಿ ನಿಂತು ನೋಡದೆ, ಸಮನೆಲದಲ್ಲಿ ನಿಂತು ತನ್ನ ಕಣ್ಣನ್ನೇ ಪ್ರಶ್ನಿಸಿಕೊಳ್ಳುವಂತೆ ಮಾಡಬೇಕು. ಇವನ್ನೆಲ್ಲ ಪಾಲಿಸಿದರೂ ಒಂದು ಹಾಳೆಯಿಂದ ಲೋಕದ ಅನ್ಯಾಯ ನೀಗುವುದಿಲ್ಲ. ಮಳೆ ಬಂದರೆ ಹಾಳೆಯೇ ನೆನೆದು ಹರಿಯುತ್ತದೆ. ಆದರೆ ಅನ್ಯಾಯವೂ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಅದು ಹಾಳೆಯ ಮೇಲೆ ಹಾಳೆ ಅಂಟಿದಂತೆ, ನೋಟದ ಮೇಲೆ ನೋಟ ಕೂಡಿ ದಪ್ಪವಾದದ್ದು. ಅದನ್ನು ಬಿಡಿಸುವ ಕೆಲಸವೂ ಹಾಗೆಯೇ, ಒಂದೊಂದು ಪದರವಾಗಿ ನಡೆಯಬೇಕು. ಬೀದಿಯಲ್ಲಿ ಹೋಗುವ ಒಬ್ಬನನ್ನು ಹಿಂದಿರುಗಿ ಎರಡನೆಯ ಸಲ ನೋಡುವಂತೆ ಮಾಡಿದ ಹಾಳೆ ತನ್ನ ಪಾಲಿನ ಒಂದು ಪದರವನ್ನು ಬಿಡಿಸಿದಂತೆಯೇ ಸರಿ.